ಬೆರಳು ತೋರಿಸಬಾರದ ನೀರು

ಎತನೀಮ್ ತಿಂಗಳು, ಒಂಬತ್ತನೇ ದಿನ

ಇವತ್ತು ನನ್ನನ್ನು ರಾಜನನ್ನಾಗಿ ಮಾಡಿದರು. ಬರೆದು ನೋಡಿದರೆ ಇನ್ನೂ ನಗು ಬರುತ್ತದೆ.

ಹಳೆಯ ರಾಜ ಮೊನ್ನೆ ಹಡಗು ಹತ್ತಿ ಈಜಿಪ್ಟಿಗೆ ಓಡಿಹೋದ. ಅವನ ಬೆನ್ನಿಗೇ ಅಂತಿಯೋಕ್ಯದ ಅರಸನ ಗ್ರೀಕ್ ದಂಡು ನಮ್ಮ ದ್ವೀಪಕ್ಕೆ ಬಂದಿಳಿಯಿತು. ದಳಪತಿ ಸೋಸಾಂದ್ರ ಊರ ಹಿರಿಯರನ್ನು ಕೂಡಿಸಿ ಹೇಳಿದ: "ನಿಮ್ಮೋನೇ ಒಬ್ಬ ರಾಜ ಆಗ್ಲಿ. ಹಳೇ ಮನೆತನದ ರಕ್ತ ಒಂದು ತೊಟ್ಟಾದ್ರೂ ಇರ್ಬೇಕು, ತಂಟೆಕೋರ ಆಗಿರ್ಬಾರ್ದು. ಇಲ್ದಿದ್ರೆ ಗಬಾಲಕ್ಕೆ ಆಗಿದ್ದೇ ಇಲ್ಲೂ ಆಗತ್ತೆ." ಗಬಾಲ ಎದುರು ದಡದ ಊರು. ಅದು ಉರಿದ ಹೊಗೆ ನಮ್ಮ ಗೋಡೆಯ ಮೇಲಿಂದ ಎಷ್ಟೋ ದಿನ ಕಾಣುತ್ತಿತ್ತು. ಹಿರಿಯರೆಲ್ಲ ನನ್ನ ಮುಖ ನೋಡಿದರು. ನನ್ನ ಅಜ್ಜಿಯ ಅಜ್ಜಿ ಅರಮನೆಯ ಹೆಣ್ಣು. ಇನ್ನು ತಂಟೆಯ ಮಾತು. ಯತೋನ್ ಎಂಬ ನಾನು ಜೋರು ದನಿಯಲ್ಲಿ ಮಾತಾಡಿದ್ದನ್ನು ಈ ಊರಲ್ಲಿ ಯಾರೂ ಕೇಳಿಲ್ಲ.

ಮನೆಗೆ ಬಂದು ಅರಿಷತ್‌ಗೆ ಹೇಳಿದೆ. ನನ್ನ ಹೆಂಡತಿ ಕೈಗೆ ಮೆತ್ತಿದ ಹಿಟ್ಟನ್ನೂ ಕೊಡವದೆ ನಕ್ಕಳು. "ನಿನ್ನನ್ನಾ? ಕೋಳಿ ಹಿಡಿಯೋಕೆ ಹೋದ್ರೆ ಕೋಳೀನೇ ನಿನ್ನ ಅಟ್ಟಿಸ್ಕೊಂಡು ಬರತ್ತಲ್ಲೋ!" ಆಮೇಲೆ ಕೈಯ ಹಿಟ್ಟು ಕೊಡವಿದಳು. "ಬೇಡ ಅಂದ್ರೆ ಏನ್ಮಾಡ್ತಾರೆ?"

"ಗಬಾಲ" ಎಂದೆ.

ಕಿರೀಟವೇನೂ ಇಲ್ಲ. ಹಣೆಗೆ ಕಟ್ಟುವ ಒಂದು ಬಿಳಿ ಪಟ್ಟಿ, ಅಷ್ಟೇ. ವಿಪರೀತ ತುರಿಸುತ್ತದೆ. ಓಡಿಹೋದವನ ಕೋಣೆಯಲ್ಲಿ ಈ ಖಾಲಿ ಸುರುಳಿ ಸಿಕ್ಕಿತು. ರಾಜನಾದವನು ಹೆಂಡದಂಗಡಿಯಲ್ಲಿ ಕೂತು ಮನಸ್ಸು ಬಿಚ್ಚುವ ಹಾಗಿಲ್ಲವಂತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನಗಿರುವುದು ಒಂದೇ ಆಸೆ. ಊರು ಸುಡದೆ ಉಳಿಯಬೇಕು. ಈ ದಂಡು ತೊಲಗಿದ ಮೇಲೆ ಪಟ್ಟಿಯನ್ನು ಯಾರಿಗಾದರೂ ಕೊಟ್ಟು ನನ್ನ ದೋಣಿಗೆ ಹೋಗುತ್ತೇನೆ.

ಎತನೀಮ್, ಹದಿನಾಲ್ಕು

ಪಲ್ತಿ ಬಂದಿದ್ದ. ತಂಗಿ ಬತ್ನೋಮಳ ಗಂಡ; ನನ್ನ ಜೊತೆ ಬುಗ್ಗೆ ಕಾಯುವವನು. ಬಾಗಿಲಲ್ಲೇ ನಿಂತು, "ಮಹಾರಾಜ್ರೆ, ಪಾದ ಎಲ್ಲಿದೆ ಸ್ವಲ್ಪ ಮುಂದೆ ಚಾಚಿ, ಬಿದ್ದು ಎದ್ದು ಹೋಗ್ತೀನಿ, ಬಲೆ ಒಣಹಾಕೋದಿದೆ" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ದನಿ ತಗ್ಗಿಸಿದ. "ಭಾವ, ಬುಗ್ಗೆ ವಿಷಯ ಅವ್ರಿಗೆ ಗೊತ್ತಾ?"

"ಇಲ್ಲ. ಮಳೆನೀರಿನ ತೊಟ್ಟಿ, ದಡದಿಂದ ಬರೋ ನೀರಿನ ದೋಣಿ, ಅಷ್ಟೇ ಅಂದ್ಕೊಂಡಿದ್ದಾರೆ."

"ಅಷ್ಟೇ ಅಂದ್ಕೊಂಡಿರ್ಲಿ."

ಸಮುದ್ರದ ತಳದಲ್ಲಿ ಸಿಹಿನೀರು ಉಕ್ಕುವ ಆ ಜಾಗ ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಸೀಸದ ಮುಚ್ಚಳವನ್ನು ಬುಗ್ಗೆಯ ಮೇಲೆ ಬೋರಲು ಇಳಿಸಿ, ತೊಗಲಿನ ಕೊಳವೆಯಿಂದ ದೋಣಿಗೆ ನೀರು ತೆಗೆಯುತ್ತೇವೆ. ಶತ್ರು ದಡವನ್ನು ಹಿಡಿದಾಗಲೆಲ್ಲ ಈ ದ್ವೀಪವನ್ನು ಉಳಿಸಿದ್ದು ಆ ನೀರೇ. ಆ ಕಡೆಗೆ ಬೆರಳು ತೋರಿಸಬಾರದು ಎನ್ನುವುದು ಮನೆತನದ ಕಟ್ಟು. ಗದ್ದ ಎತ್ತಿಯೂ ತೋರಿಸುವಂತಿಲ್ಲ. ಚಿಕ್ಕವರಿದ್ದಾಗ ಒಮ್ಮೆ ನಾನೂ ಬತ್ನೋಮಳೂ ದೋಣಿಯಲ್ಲಿ ಕೂತು "ಅಗೋ ಅಲ್ಲಿ" ಎಂದು ಬೆರಳು ಚಾಚಿದ್ದೆವು. ಅಪ್ಪ ಕೈಯಲ್ಲಿದ್ದ ದೋಣಿಯ ಹುಟ್ಟಿನಿಂದಲೇ ಬಾರಿಸಿದ. ನನ್ನ ತೋರುಬೆರಳು ಇವತ್ತಿಗೂ ಸ್ವಲ್ಪ ಸೊಟ್ಟ.

ಬೂಲ್ ತಿಂಗಳು, ಮೂರು

ಪಟ್ಟಿಯನ್ನು ಟೋಪಿಯೊಳಗೆ ಮರೆಮಾಡಿ ಮೀನು ಕಟ್ಟೆಗೆ ಹೋಗಿದ್ದೆ. ಮುದುಕಿ ಶಫಾತ್ ಅಷ್ಟು ದೂರದಿಂದಲೇ ಕೂಗಿದಳು: "ಬನ್ರೋ ಬನ್ನಿ, ರಾಜಪ್ಪ ಬಂದ! ಏನಪ್ಪಾ, ನಿನ್ನ ಗ್ರೀಕ್ ಅಳಿಯಂದ್ರು ಮೀನು ತಗೊಂಡು ಹೋದ್ರು, ಕಾಸು ಕೇಳಿದ್ರೆ ಹಲ್ಲು ತೋರಿಸಿದ್ರು. ನಿನ್ನ ರಾಜ್ಯದಲ್ಲಿ ಹಲ್ಲಿಗೆ ಏನು ಬೆಲೆ?" ಕಟ್ಟೆಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಮೊಣಕಾಲೂರಲು ಬಂದ ಇಬ್ಬರನ್ನು ಎಬ್ಬಿಸಿ, ಇನ್ನು ಯಾರೂ ಹಾಗೆ ಮಾಡಕೂಡದು ಎಂದೆ.

ಸೋಸಾಂದ್ರನಿಗೆ ಹೇಳಿ ಅವಳಿಗೆ ಮೀನಿನ ಕಾಸು ಕೊಡಿಸಿದೆ. ಅವನು ಒಳ್ಳೆಯ ಮಾತಿನವನು. "ರಾತ್ರಿ ನಿದ್ದೆ ಬರತ್ತಾ?" ಎಂದು ಕೇಳಿದ. ಇಲ್ಲ ಎಂದೆ. "ಮೊದಲು ಹಾಗೇ ಇರತ್ತೆ" ಎಂದು ತನ್ನ ಊರಿನ ಒಣ ಅಂಜೂರ ಕೊಟ್ಟ.

ಬೂಲ್, ಇಪ್ಪತ್ತು

ಅಂತಿಯೋಕ್ಯಕ್ಕೆ ಹಡಗಿನಲ್ಲಿ ಹುಟ್ಟು ಹಾಕುವ ಆಳುಗಳು ಬೇಕಂತೆ. ಕೇಳಿದ್ದರಲ್ಲಿ ಅರ್ಧಕ್ಕೆ ಇಳಿಸಿದೆ! ಅರಿಷತ್‌ಗೆ ಹೇಳಿಕೊಂಡೆ, "ಉಳಿದರ್ಧ ಯಾರ ಮಕ್ಕಳು?" ಎಂದಳು. ಅದನ್ನು ನಾನೇ ಆರಿಸಬೇಕು. ಒಬ್ಬನೇ ಮಗನಿರುವ ಮನೆ ಬಿಟ್ಟೆ. ಹೊಸದಾಗಿ ಮದುವೆಯಾದವರನ್ನು ಬಿಟ್ಟೆ. ಎಷ್ಟು ಯೋಚಿಸಿದೆನೆಂದರೆ ಊಟ ಸೇರಲಿಲ್ಲ. ನನ್ನ ನಂಟರನ್ನು ಬಿಟ್ಟರೆ ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆಂದು ಪಲ್ತಿಯ ತಮ್ಮ ಅಜಾರನ ಹೆಸರು ಸೇರಿಸಿದೆ. ನ್ಯಾಯವಾಗಿಯೇ ಮಾಡಿದ್ದೇನೆ.

ಬೂಲ್, ಇಪ್ಪತ್ತಮೂರು

ಹಡಗು ಹೊರಟಿತು. ಧಕ್ಕೆಯ ಮೇಲೆ ಪಲ್ತಿ ನನ್ನನ್ನು ಅಡ್ಡಗಟ್ಟಿದ.

"ಒಂದು ಮಾತು ಕೇಳ್ಬಾರ್ದಿತ್ತಾ ಭಾವ? ಅವನ ಬದ್ಲು ನಾನೇ ಹೋಗ್ತಿದ್ದೆ."

"ನೀನು ಹೋದ್ರೆ ಬುಗ್ಗೆ ಯಾರು ನೋಡ್ಕೊಳ್ತಾರೆ?"

"ಓಹೋ. ಅದನ್ನೂ ಲೆಕ್ಕ ಹಾಕಿದ್ಯಾ."

ಎಲ್ಲರೆದುರಿಗೆ ಬೆನ್ನು ತಿರುಗಿಸಿ ಹೋದ. ಮನೆಯಲ್ಲಾದರೆ ಸರಿ; ಧಕ್ಕೆಯ ಮೇಲೆ, ಗ್ರೀಕರು ನೋಡುತ್ತಿರುವಾಗ ಹಾಗೆ ಮಾಡಬಾರದಿತ್ತು.

ಅವುದ್ನಾಯೋಸ್ ತಿಂಗಳು, ಐದು

ತಿಂಗಳಿಗೆ ಗ್ರೀಕರ ಹೆಸರನ್ನೇ ಬರೆಯುತ್ತಿದ್ದೇನೆ. ಅರಮನೆಯ ಕಾಗದಪತ್ರವೆಲ್ಲ ಅದರಲ್ಲೇ ನಡೆಯುವಾಗ ಎರಡೆರಡು ಲೆಕ್ಕ ಇಟ್ಟುಕೊಂಡರೆ ತಲೆ ಕೆಡುತ್ತದೆ. ನನ್ನ ಹೆಸರೂ ಅವರ ನಾಲಿಗೆಗೆ ಹೊರಳದು, ದಿಯೋದೋತ ಎನ್ನುತ್ತಾರೆ. ಕರೆದರೆ ಈಗ ತಟ್ಟನೆ ತಿರುಗುತ್ತೇನೆ.

ಚಳಿ. ಮಳೆ ಮಾತ್ರ ಈ ಸಲ ಕೈಕೊಟ್ಟಿದೆ, ತೊಟ್ಟಿಗಳು ಮೊಣಕಾಲುದ್ದ ಕೂಡ ತುಂಬಿಲ್ಲ. ಸಂಜೆ ಸೋಸಾಂದ್ರನ ಜೊತೆ ಕಾಯಿ ಆಟ ಆಡುತ್ತೇನೆ. ನನ್ನ ಕಷ್ಟವನ್ನು ಅರ್ಥ ಮಾಡಿಕೊಳ್ಳುವವನು ಅವನೊಬ್ಬನೇ.

ಶಫಾತಳ ಅಂಗಡಿಯನ್ನು ಕಟ್ಟೆಯಿಂದ ಎತ್ತಿಸಿ ಹಿಂದಿನ ಗೋಡೆಯ ಹತ್ತಿರ ಹಾಕಿಸಿದೆ. ಅಲ್ಲಿ ನೆರಳು ಚೆನ್ನಾಗಿದೆ. ಅವಳ ವಯಸ್ಸಿಗೆ ಅಷ್ಟು ಜನಸಂದಣಿ ಒಳ್ಳೆಯದಲ್ಲ.

ಅವುದ್ನಾಯೋಸ್, ಹದಿನೇಳು

ಇವತ್ತು ಪಟ್ಟಿ ಮರೆತು ಹೊರಗೆ ಹೊರಟೆ. ಬರಿಮೈಯಲ್ಲಿ ಬೀದಿಗೆ ಬಂದ ಹಾಗಾಯಿತು. ಓಡಿಹೋಗಿ ಕಟ್ಟಿಕೊಂಡು ಬಂದೆ. ದೇವಸ್ಥಾನದ ಮೆಟ್ಟಿಲ ಬಳಿ ನಾಲ್ಕು ಜನ ನನ್ನನ್ನು ಕಂಡೂ ಕಾಣದವರಂತೆ ಮಾತಾಡುತ್ತಿದ್ದರು. ಯಾರೆಂದು ಕೇಳಿ ಇಟ್ಟುಕೊಂಡೆ.

ಅವುದ್ನಾಯೋಸ್, ಇಪ್ಪತ್ತಾರು

ಪಲ್ತಿಯನ್ನು ಹಿಡಿದು ತಂದಿದ್ದಾರೆ. ಅಜಾರ ಹಡಗಿನಿಂದ ತಪ್ಪಿಸಿಕೊಂಡು ಬಂದನಂತೆ. ಪಲ್ತಿ ಅವನನ್ನು ಬಲೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ. ಹುಡುಕಲು ಬಂದ ಸಿಪಾಯಿಗೆ ಹುಟ್ಟಿನಿಂದ ಹೊಡೆದ. ಆ ಸಿಪಾಯಿ ಸತ್ತ. ಅಷ್ಟರಲ್ಲಿ ಅಜಾರ ಈಜಿ ಎಲ್ಲಿಗೋ ಹೋದ.

ಸೋಸಾಂದ್ರ ಕೂಗಾಡಲಿಲ್ಲ. ಕಾಯಿಗಳನ್ನು ಒಂದೊಂದಾಗಿ ಜೋಡಿಸುತ್ತ ಹೇಳಿದ: "ನಾನು ಶಿಕ್ಷೆ ಕೊಟ್ರೆ ಆ ಕೇರಿ ಪೂರ್ತಿ ಹೋಗತ್ತೆ. ನೀವು ಕೊಟ್ರೆ ಒಬ್ಬನೇ. ನಿಮ್ಮೂರು, ನೀವೇ ಹೇಳಿ."

ಬತ್ನೋಮ ಬಂದು ನನ್ನ ಮೊಣಕಾಲು ಹಿಡಿದುಕೊಂಡಳು. "ಅಣ್ಣಾ, ನೀನು ಒಂದು ಮಾತು ಹೇಳಿದ್ರೆ ಸಾಕು."

ಆ ಒಂದು ಮಾತನ್ನು ಯಾವ ಕಡೆ ಹೇಳಿದರೂ ಯಾರೋ ಸಾಯುತ್ತಾರೆಂದು ಅವಳಿಗೆ ಹೇಗೆ ವಿವರಿಸಲಿ? ಎದೆ ಹಿಂಡಿದಂತಾಯಿತು. ಅವಳು ಮಾತ್ರ ನನ್ನ ಎದೆಯ ವಿಷಯ ಕೇಳಲಿಲ್ಲ.

ಅವುದ್ನಾಯೋಸ್, ಇಪ್ಪತ್ತೇಳು

ಬರೆಯುವಂಥದ್ದೇನೂ ಇಲ್ಲ.

ಪೆರಿತಿಯೋಸ್ ತಿಂಗಳು, ಎರಡು

ಅಂತಿಯೋಕ್ಯದಿಂದ ನನಗೊಂದು ಉಡುಗೊರೆ ಬಂದಿದೆ. ನೇರಳೆ ಅಂಚಿನ ಮೇಲುಹೊದಿಕೆ. ಬಣ್ಣ ನಮ್ಮ ಕಡೆಯ ಚಿಪ್ಪಿನದೇ, ನೇಯ್ಗೆ ಅವರದು. ಭುಜದ ಮೇಲೆ ಅದು ಬೀಳುವ ರೀತಿಯೇ ಬೇರೆ. ನೆಟ್ಟಗೆ ನಿಂತರೆ ಮಾತ್ರ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಈಗ ನೆಟ್ಟಗೆ ನಿಲ್ಲುತ್ತೇನೆ. ಸೋಸಾಂದ್ರ ಸುತ್ತ ಒಂದು ಸುತ್ತು ಹಾಕಿ ನೋಡಿ, "ಈಗ ನೋಡಿ!" ಎಂದ. ಕೊಕ್ಕೆ ಬೆಳ್ಳಿಯದು, ಸಿಂಹದ ಮುಖ. ಒಂದು ಕಡೆ ದಾರ ಸ್ವಲ್ಪ ಸಡಿಲವಾಗಿತ್ತು. ಅರಿಷತ್ ಹೊಲಿದುಕೊಡುತ್ತಾಳೆಂದುಕೊಂಡೆ, "ಸೂಜಿ ಸಿಗ್ತಿಲ್ಲ" ಎಂದಳು. ಮನೆಯಲ್ಲಿ ಸೂಜಿಯೂ ಸಿಗುವುದಿಲ್ಲವಂತೆ.

ಪಲ್ತಿಯನ್ನು ಧಕ್ಕೆಯ ತುದಿಯಲ್ಲಿ ಕಲ್ಲು ಕಟ್ಟಿ ಇಳಿಸಿದರು. ನಾನೇ ನಿಂತು ನೋಡಬೇಕಿತ್ತು. ರಾಜ ಕೊಟ್ಟ ಶಿಕ್ಷೆಗೆ ರಾಜನೇ ಸಾಕ್ಷಿ ಅಂತೆ. ಅವನು ಬೈಯುತ್ತಾನೆಂದು ಹೆದರಿದ್ದೆ. ಬೈಯಲಿಲ್ಲ. ಹತ್ತಿರ ಕರೆದು ಕಿವಿಯಲ್ಲಿ, "ಭಾವ, ಬುಗ್ಗೆ ಜೋಪಾನ" ಎಂದ, ಅಷ್ಟೇ.

ಕೇರಿ ಉಳಿಯಿತು. ಇದನ್ನು ಯಾರೂ ನನಗೆ ಹೇಳುತ್ತಿಲ್ಲ, ಹಾಗಾಗಿ ನಾನೇ ಬರೆದಿಡುತ್ತೇನೆ: ಕೇರಿ ಉಳಿಯಿತು.

ಪೆರಿತಿಯೋಸ್, ಹದಿನೈದು

ದೇವರನ್ನು ಎಬ್ಬಿಸುವ ಹಬ್ಬ ಹತ್ತಿರ ಬಂತು. ಪ್ರತಿವರ್ಷ ದೇವರ ಮರದ ಮೂರ್ತಿಯನ್ನು ದೋಣಿಯಲ್ಲಿ ಸುಟ್ಟು, ಬೆಳಗಾಗುವಾಗ ದೇವರನ್ನು ಹೆಸರು ಹಿಡಿದು ಕರೆದು ಎಬ್ಬಿಸುತ್ತೇವೆ. ಕರೆಯುವವನು ರಾಜನೇ. ಆ ದಿನಗಳಲ್ಲಿ ಪರದೇಶದವರು ಒಬ್ಬರೂ ಗೋಡೆಯೊಳಗೆ ಇರುವಂತಿಲ್ಲ. ಅವರಿದ್ದರೆ ದೇವರು ಏಳುವುದಿಲ್ಲ. ಹಳೆಯ ಕಾಲದಿಂದ ವ್ಯಾಪಾರಿಗಳು, ನಾವಿಕರು, ರಾಯಭಾರಿಗಳು ಎಲ್ಲರೂ ದಡಕ್ಕೆ ಹೋಗಿ ಕಾದಿದ್ದು ಬಂದವರೇ.

ಸೋಸಾಂದ್ರ ಹುಬ್ಬು ಗಂಟಿಕ್ಕಿದ. "ಇಡೀ ದಂಡು ಹೊರಗೆ ಹೋಗ್ಬೇಕಾ? ಬಾಗಿಲು ಮತ್ತೆ ತೆಗೀತಾರೆ ಅಂತ ಏನು ನಂಬಿಕೆ?"

"ನಾನಿದ್ದೀನಲ್ಲ" ಎಂದೆ. "ಹಬ್ಬ ನಿಲ್ಸಿದ್ರೆ ಊರು ದಂಗೆ ಏಳತ್ತೆ. ಒಳಗೆ ರಾಜ ನಾನಿರ್ತೀನಿ. ನನ್ನ ಜನ ನನ್ನ ಮಾತು ಮೀರಲ್ಲ. ಬೇಕಾದ್ರೆ ನನ್ನ ತಲೆಯನ್ನೇ ಹೊಣೆ ಇಟ್ಕೊಳ್ಳಿ."

ಅವನು ಒಪ್ಪಿದ. ಇಂಥ ಮಾತು ಆಡುವ ಧೈರ್ಯ ನನಗೆ ಹೋದ ವರ್ಷ ಇತ್ತೇ?

ಪೆರಿತಿಯೋಸ್, ಇಪ್ಪತ್ತೊಂದು. ದಡದಿಂದ

ಬರೆಯುವ ಕಡ್ಡಿ ಎರಡು ಸಲ ಮುರಿಯಿತು. ಸಿಟ್ಟಿನಿಂದ.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಎಷ್ಟೋ ದಿನದಿಂದ ಮಾತಾಡದ ಅರಿಷತ್ ಇವತ್ತು ತಾನೇ ಬಂದು ಪಟ್ಟಿ ಕಟ್ಟಿದಳು. ಬಿಗಿಯಾಗಿಯೇ ಕಟ್ಟಿದಳು. ಹೊದಿಕೆ ಸರಿಮಾಡಿ, "ಹೋಗಿ ಬಾ" ಎನ್ನದೆ "ಹೋಗು" ಎಂದಳು. ಹಬ್ಬದ ಗಡಿಬಿಡಿ ಎಂದುಕೊಂಡೆ. ಅವಳು ಕೈ ಮುಟ್ಟಿದ್ದಕ್ಕೇ ಸಂತೋಷವಾಗಿತ್ತು.

ಪರದೇಶದವರನ್ನು ದಡಕ್ಕೆ ಕಳಿಸಿ ರೊಟ್ಟಿ ಕೊಟ್ಟು ಬರುವುದು ರಾಜನ ಮರ್ಯಾದೆ. ಸೋಸಾಂದ್ರನ ಹಡಗಿನಲ್ಲೇ ಹೋದೆ. ಊಟಕ್ಕೆ ಒತ್ತಾಯ ಮಾಡಿದ. ಒಂದು ಆಟವೂ ಆಯಿತು. ಹಿಂತಿರುಗುವಾಗ ಹೊತ್ತು ಇಳಿದಿತ್ತು, ನೀರಬಾಗಿಲು ಮುಚ್ಚಿತ್ತು. ನನ್ನನ್ನು ತಂದ ದೋಣಿಯವರು ಗ್ರೀಕರು. ನಾನು ಎದ್ದು ನಿಂತು ಬಾಗಿಲು ತೆಗೆಯಿರಿ ಎಂದು ಕೂಗಿದೆ. ಗ್ರೀಕಿನಲ್ಲಿ ಕೂಗಿದೆನಂತೆ. ನನಗೆ ಗೊತ್ತೇ ಆಗಲಿಲ್ಲ. ದಿನವೆಲ್ಲ ಅದನ್ನೇ ಆಡಿದ ಬಾಯಿ.

ಮೇಲಿಂದ ಶಫಾತಳ ದನಿ: "ಯಾರಪ್ಪಾ ಅದು?"

"ರಾಜ ಕಣೇ!"

"ಯಾವೂರ ರಾಜ? ಪರದೇಶದವರು ಹಬ್ಬ ಮುಗಿಯೋವರೆಗೂ ದಡದಲ್ಲಿರ್ಬೇಕು. ಗೊತ್ತಿಲ್ವಾ?"

ಗೋಡೆಯ ಮೇಲೆ ನಗು. ಹಳೆಯ ನಗುವಲ್ಲ ಅದು. ನಮ್ಮ ಮಾತಿನಲ್ಲೇ ಕೂಗಿದೆ, ನಾನು ಯತೋನ್ ಎಂದೆ, ದೇವರನ್ನು ಎಬ್ಬಿಸಬೇಕಾದವನು ನಾನು ಎಂದೆ. ಆಗ ಬತ್ನೋಮ ಬಂದು ನಿಂತಳು. ತಲೆ ಬೋಳಿಸಿಕೊಂಡಿದ್ದಾಳೆ.

"ದೇವರನ್ನ ಬೇರೆಯವರು ಎಬ್ಬಿಸ್ತಾರೆ. ನೀನು ನಿನ್ನ ಜನದ ಜೊತೆ ಹೋಗಿ ಮಲ್ಕೋ."

ಅವಳ ಪಕ್ಕದಲ್ಲಿ ಅರಿಷತ್ ಇದ್ದಳು.

ಪೆರಿತಿಯೋಸ್, ಇಪ್ಪತ್ತೈದು

ಹಬ್ಬ ಮುಗಿಯಿತು. ದೇವರು ಎದ್ದ ಕಹಳೆ ಇಲ್ಲಿಗೂ ಕೇಳಿತು. ಬಾಗಿಲು ಮಾತ್ರ ತೆಗೆಯಲಿಲ್ಲ.

ಸೋಸಾಂದ್ರ ಈಗ ಅಂಜೂರ ಕೊಡುವುದಿಲ್ಲ. ನನ್ನ ಗುಡಾರದ ಮುಂದೆ ಕಾವಲು ಹಾಕಿದ್ದಾನೆ. ಅದು ನನ್ನ ರಕ್ಷಣೆಗೇ ಇರಬೇಕು. ದಡದಿಂದ ಹೋಗುವ ನೀರಿನ ದೋಣಿಗಳನ್ನೆಲ್ಲ ತಡೆದಿದ್ದಾನೆ. "ಬರೋ ಹುಣ್ಣಿಮೆ ಹೊತ್ತಿಗೆ ನಾಲಿಗೆ ಚಾಚ್ಕೊಂಡು ಬರ್ತಾರೆ" ಎಂದ. ಬುಗ್ಗೆಯ ವಿಷಯ ಬಾಯಿ ಬಿಡಲಿಲ್ಲ. ಇಷ್ಟಾದರೂ ಬಿಡಲಿಲ್ಲ.

ದುಸ್ತ್ರೋಸ್ ತಿಂಗಳು, ಹದಿನೇಳು

ಹುಣ್ಣಿಮೆ ಕಳೆಯಿತು. ಗೋಡೆಯ ಮೇಲೆ ಹೆಂಗಸರು ಬಟ್ಟೆ ಒಗೆದು ಒಣಹಾಕುತ್ತಿದ್ದಾರೆ! ನಮಗೆ ಕಾಣಲೆಂದೇ. ಸೋಸಾಂದ್ರ ನನ್ನನ್ನು ಕರೆಸಿದ. "ಇವ್ರಿಗೆ ನೀರು ಎಲ್ಲಿಂದ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. "ನಿಮ್ಮ ತಲೆ ಹೊಣೆ ಅಂದಿದ್ರಿ" ಎಂದು ನೆನಪಿಸಿದ. ಗಟ್ಟಿಯಾಗಿ ಹೇಳಲಿಲ್ಲ, ಅವನು ಯಾವತ್ತೂ ಗಟ್ಟಿಯಾಗಿ ಮಾತಾಡುವವನಲ್ಲ.

ಅಂತಿಯೋಕ್ಯದಿಂದ ಮುತ್ತಿಗೆಯ ಯಂತ್ರಗಳು ಹೊರಟಿವೆಯಂತೆ. ಅವು ಬಂದರೆ ಗಬಾಲ. ಬಾಯಾರಿ ತಾವೇ ಬಾಗಿಲು ತೆಗೆದರೆ ಯಾರನ್ನೂ ಮುಟ್ಟುವುದಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದ್ದಾನೆ. ನಾನು ಈ ಪಟ್ಟಿ ಕಟ್ಟಿಕೊಂಡದ್ದು ಯಾಕೆ? ಊರು ಸುಡದಿರಲಿ ಎಂದು. ಆ ಹಟಮಾರಿಗಳಿಗೆ ಅದು ತಿಳಿಯದಿದ್ದರೆ ರಾಜನಾದವನಿಗಾದರೂ ತಿಳಿದಿರಬೇಕು.

ದುಸ್ತ್ರೋಸ್, ಹತ್ತೊಂಬತ್ತು

ಹಡಗಿನಲ್ಲಿ ದ್ವೀಪದ ಸುತ್ತ ಹೋದೆವು. ಬೆಳಗಿನ ಹೊತ್ತು, ಮೀನು ಹಿಡಿಯುವ ದೋಣಿಗಳು ಅಲ್ಲಲ್ಲಿ ಚೆದುರಿದ್ದವು. ಸೋಸಾಂದ್ರನಿಗೆ ಎಲ್ಲವೂ ಒಂದೇ. ನನಗೆ ಒಂದು ದೋಣಿ ಬೇರೆಯಾಗಿ ಕಂಡಿತು. ಬಲೆ ಬೀಸುತ್ತಿರಲಿಲ್ಲ, ಅಲೆಗೆ ಅಡ್ಡ ತಿರುಗದೆ ಒಂದೇ ಕಡೆ ನಿಂತಿತ್ತು. ಅದರಲ್ಲಿ ಬೋಳುತಲೆಯ ಹೆಂಗಸು, ಕೊಳವೆಯನ್ನು ಕೈಗೆ ಸುತ್ತಿಕೊಂಡು ಎಳೆಯುತ್ತಿದ್ದಳು. ಅಪ್ಪ ಎಳೆಯುತ್ತಿದ್ದ ಹಾಗೇ, ಎಡ ಭುಜ ಮುಂದೆ ಮಾಡಿ.

ಬೆರಳು ಎತ್ತಿದೆ. ಅಷ್ಟೇ ನಾನು ಮಾಡಿದ್ದು. ಬಾಯಿಂದ ಒಂದು ಮಾತೂ ಆಡಲಿಲ್ಲ.

ಗೋಡೆಯ ಮೇಲೆ ಜನ ನಿಂತಿದ್ದರು. ಸೋಸಾಂದ್ರ ನನ್ನನ್ನು ಅಪ್ಪಿಕೊಂಡ. ಆ ಹೆಂಗಸಿಗೆ ಏನೂ ಮಾಡಕೂಡದು ಎಂದೆ. "ಆಗ್ಲಿ, ಆಗ್ಲಿ" ಎಂದು ಆಗಲೇ ಆಚೆ ತಿರುಗಿ ಅಪ್ಪಣೆ ಕೊಡುತ್ತಿದ್ದ.

ದುಸ್ತ್ರೋಸ್, ಇಪ್ಪತ್ತು

ಬುಗ್ಗೆ ಕೈಸೇರಿತು. ದೋಣಿ ಖಾಲಿಯಿತ್ತು ಎಂದರು. ಬತ್ನೋಮ ಚೆನ್ನಾಗಿ ಈಜುತ್ತಾಳೆ. ಚಿಕ್ಕಂದಿನಿಂದಲೂ ನನಗಿಂತ ಚೆನ್ನಾಗಿ.

ದುಸ್ತ್ರೋಸ್, ಕೊನೆಯ ದಿನ

ಬಾಗಿಲು ತೆಗೆದರು.

ಬೆಳಿಗ್ಗೆ ಹೊಸ ಪಟ್ಟಿ ಬೇಕೆಂದು ಹೇಳಿ ಕಳಿಸಿದ್ದೆ. ಸೋಸಾಂದ್ರನೇ ಬಂದ, ಬರಿಗೈಯಲ್ಲಿ. ಅಂತಿಯೋಕ್ಯದಿಂದ ಅಪ್ಪಣೆಯಾಗಿದೆಯಂತೆ: ಇಲ್ಲಿ ಇನ್ನು ರಾಜ ಬೇಡ, ಒಬ್ಬ ಅಧಿಕಾರಿ ಸಾಕು. "ನಿಮ್ಮ ತಲೆ ಉಳಿಸೋಕೆ ಎಷ್ಟು ಬರೆದೆ ಗೊತ್ತಾ" ಎನ್ನುತ್ತ ನನ್ನ ಹಣೆಯ ಹಳೆಯ ಪಟ್ಟಿಯನ್ನು ತಾನೇ ಬಿಚ್ಚಿದ. ಮೆತ್ತಗೆ ಬಿಚ್ಚಿದ. ಗಾಳಿ ತಾಗಿ ಹಣೆ ತಣ್ಣಗಾಯಿತು.

ಆದರೂ ನೀರಬಾಗಿಲಲ್ಲಿ ನೀರು ಕೊಡಲು ನಾನೇ ನಿಂತೆ. ಬುಗ್ಗೆಯ ನೀರನ್ನೇ ದೊಡ್ಡ ಹಂಡೆಗಳಲ್ಲಿ ತರಿಸಿದ್ದೆ. ಬರುವವರು ನನ್ನವರಲ್ಲವೇ. ಊರು ಸುಟ್ಟಿರಲಿಲ್ಲ, ಒಂದು ಮನೆಯೂ ಸುಟ್ಟಿರಲಿಲ್ಲ. ಮೊದಲು ಬಂದವಳು ಶಫಾತ್. ತುಟಿ ಒಡೆದು ರಕ್ತ ಕಪ್ಪಾಗಿತ್ತು. ಬಟ್ಟಲು ತೆಗೆದುಕೊಂಡಳು, ನನ್ನನ್ನು ನೋಡಿದಳು, ನೀರನ್ನು ನೆಲಕ್ಕೆ ಸುರಿದಳು. ವಯಸ್ಸಾಗಿದೆ, ಕೈ ನಡುಗುತ್ತದೆ. ಅವಳ ಹಿಂದಿನವನೂ ಸುರಿದ. ಅವನ ಹಿಂದಿನವಳು ಮಗುವನ್ನು ಎತ್ತಿಕೊಂಡಿದ್ದಳು. ಮಗುವಿಗೆ ಕುಡಿಸಿದಳು, ತನ್ನ ಪಾಲನ್ನು ಸುರಿದಳು. ನಮ್ಮಲ್ಲಿ ಹಾಗೆ ನೆಲಕ್ಕೆ ನೀರು ಬಿಡುವುದು ಸತ್ತವರಿಗೆ. ಯಾರಿಗೆ ಬಿಡುತ್ತಿದ್ದಾರೆಂದು ಕೇಳುವ ಧೈರ್ಯವಾಗಲಿಲ್ಲ. ಬತ್ನೋಮ ಆ ಸಾಲಿನಲ್ಲಿರಲಿಲ್ಲ. ಕೊನೆಯವರೆಗೂ ನೋಡಿದೆ.

ಎಲ್ಲರ ಹಿಂದೆ ಅರಿಷತ್ ಬಂದಳು. ಅವಳು ಸುರಿಯಲಿಲ್ಲ. ಒಂದೇ ಗುಟುಕಿಗೆ ಪೂರ್ತಿ ಕುಡಿದಳು, ಬಟ್ಟಲನ್ನು ಹಂಡೆಯ ಮೇಲಿಟ್ಟಳು. ನನಗೆ ಅಳು ಬಂತು. ಅವಳು ನನ್ನ ಬಲಗೈ ಹಿಡಿದು, ಹಿಟ್ಟು ಮೆತ್ತಿದೆಯೇನೋ ಎಂದು ನೋಡುವವಳ ಹಾಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಯಾವ ಬೆರಳು?" ಎಂದಳು.

ಏನು ಕೇಳುತ್ತಿದ್ದಾಳೆಂದು ನನಗೆ ಗೊತ್ತಾಗಲಿಲ್ಲ ಎಂದು ಬರೆಯಲು ಕುಳಿತಿದ್ದೆ. ಗೊತ್ತಾಗಿತ್ತು. ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡೆ.